ಹಳೇ ಕತೆ ಕೇಳುವವರು

ಏಪ್ರಿಲ್ ಬಂತೆಂದರೆ ನಮ್ಮ ರೆಡ್‌ವುಡ್ ಸಿಟಿಯಲ್ಲಿ ಅಪ್ಪ-ಅಮ್ಮಂದಿರ ಸೀಸನ್ ಶುರು. ಸೀರೆಯ ಮೇಲೊಂದು ಸ್ವೆಟರ್, ಕಾಲಿಗೆ ಮಗ ಕೊಡಿಸಿದ ಬಿಳೀ ಶೂ, ಸಂಜೆ ಐದಕ್ಕೆ ಪಾರ್ಕಿನ ಬೆಂಚು. ಸರ್ಕಾರವೇ ಪರೀಕ್ಷೆ ಮಾಡಿ ಒಪ್ಪಿದ ಹವೆ ನಮ್ಮದು ಅಂತ ಕಮಾನಿನ ಮೇಲೆ ಬರೆಸಿಕೊಂಡ ಊರಿದು, ಹವೆಗೇನೂ ಕೊರತೆ ಇಲ್ಲ. ಆ ಬೆಂಚಿನಲ್ಲಿ ಐದು ನಿಮಿಷ ಕೂತು ನೋಡಿ. ಹವೆಯಿಂದ ಶುರುವಾದ ಮಾತು ಆಗಲೇ 1968ರ ಅರಸೀಕೆರೆ ತಲುಪಿರುತ್ತದೆ. 'ಮತ್ತೆ ಶುರುವಾಯ್ತು' ಅಂತ ಮಕ್ಕಳು ಫೋನ್ ತೆಗೆಯುತ್ತಾರೆ.

ಮಕ್ಕಳನ್ನೊಬ್ಬರನ್ನೇ ದೂರಬೇಕಿಲ್ಲ ಬಿಡಿ. ಮನೋವೈದ್ಯರೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದರು. ವಯಸ್ಸಾದವರು ಹಿಂದಿನದನ್ನೇ ಮಾತಾಡ್ತಾರೆ ಅಂದರೆ ಅರಳುಮರಳಿನ ಮೊದಲ ಹೆಜ್ಜೆ ಅನ್ನೋ ಭಾವನೆ. ಈ ಅಭಿಪ್ರಾಯ ಬದಲಾದ ಕತೆಯಲ್ಲಿ ಒಂದು ದೊಡ್ಡ ಪಾಲು ನಮ್ಮ ಈ ಬೇ ಏರಿಯಾದಲ್ಲೇ ನಡೆದಿದೆ. ಇಲ್ಲಿ ಚಿಪ್ಪು, ಸಾಫ್ಟ್‌ವೇರ್ ಬಿಟ್ಟು ಬೇರೇನೂ ಹುಟ್ಟಿಲ್ಲ ಅಂದುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಾಗಿಲು ಹಾಕಿದವರು ಸಾಕ್ಷಾತ್ ಫ್ರಾಯ್ಡ್. ಮಾತಿನಿಂದಲೇ ಮನಸ್ಸಿನ ಆಳಕ್ಕಿಳಿಯುವ ಚಿಕಿತ್ಸೆಗೆ ದಾರಿ ತೆಗೆದವರೇ ಆತ. ಆದರೆ 1904ರ ಡಿಸೆಂಬರಿನಲ್ಲಿ ವಿಯೆನ್ನಾದ ವೈದ್ಯರ ಮುಂದೆ ಮಾಡಿದ ಭಾಷಣದಲ್ಲಿ, ಐವತ್ತರ ಹತ್ತಿರ ಬಂದವರಿಗೆ ಈ ಚಿಕಿತ್ಸೆ ಹಿಡಿಸೋದಿಲ್ಲ, ಮನಸ್ಸಿನ ಬಾಗುವ ಗುಣ ಹೊರಟುಹೋಗಿರುತ್ತದೆ ಅಂದುಬಿಟ್ಟರು. ಆಗ ಸ್ವತಃ ಅವರಿಗೇ 48! ಆಮೇಲೆ ಎಂಬತ್ತು ದಾಟಿದರೂ ತಮ್ಮ ವಿಚಾರಗಳನ್ನು ತಿದ್ದುತ್ತಾ ಬರೆಯುತ್ತಲೇ ಇದ್ದರು, ಅದು ಬೇರೆ ಮಾತು. ಅವರ ಶಿಷ್ಯ ಕಾರ್ಲ್ ಅಬ್ರಹಾಂ 1919ರಲ್ಲಿ ಮೆತ್ತಗೆ ತಕರಾರು ತೆಗೆದರು: ರೋಗಿಯ ವಯಸ್ಸು ಮುಖ್ಯವಲ್ಲ, ರೋಗ ಯಾವ ವಯಸ್ಸಿನಲ್ಲಿ ಶುರುವಾಯಿತು ಅನ್ನೋದು ಮುಖ್ಯ ಅಂತ. ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ಸ್ಟ್ಯಾನ್‌ಫರ್ಡಿಗೆ ಬರೋಣ, ನಮ್ಮ ಮನೆಯಿಂದ ಹತ್ತು-ಹದಿನೈದು ನಿಮಿಷದ ದಾರಿ. ಲಿಲಿಯನ್ ಮಾರ್ಟಿನ್ ಅನ್ನೋ ಮೇಡಂ ಒಬ್ಬರಿದ್ದರು, 1851ರಲ್ಲಿ ಹುಟ್ಟಿದವರು. ಸ್ಯಾನ್ ಫ್ರಾನ್ಸಿಸ್ಕೋದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಒಳ್ಳೆ ಕೆಲಸ, ವೈಸ್ ಪ್ರಿನ್ಸಿಪಾಲ್. ಅದನ್ನು 43ನೇ ವಯಸ್ಸಿನಲ್ಲಿ ಬಿಟ್ಟು ಮನಶ್ಶಾಸ್ತ್ರ ಕಲೀತೀನಿ ಅಂತ ಜರ್ಮನಿಯ ಗಟಿಂಗೆನ್‌ಗೆ ಹೋದರು. 1899ರಲ್ಲಿ ಸ್ಟ್ಯಾನ್‌ಫರ್ಡ್ ಸೇರಿ, 1915ರಲ್ಲಿ ವಿಭಾಗದ ಮುಖ್ಯಸ್ಥೆಯಾದರು. ಆ ವಿಶ್ವವಿದ್ಯಾಲಯದಲ್ಲಿ ಹೆಂಗಸೊಬ್ಬರು ವಿಭಾಗ ನಡೆಸಿದ್ದು ಅದೇ ಮೊದಲು. ಮರುವರ್ಷವೇ 65 ತುಂಬಿತು, ನಿಯಮದಂತೆ ನಿವೃತ್ತಿ.

ಮನೆಯಲ್ಲಿ ಕೂರುವ ಜಾತಿ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಮೌಂಟ್ ಜಯಾನ್ ಆಸ್ಪತ್ರೆಯಲ್ಲಿ ಚಿಕ್ಕ ಮಕ್ಕಳ ಮಾನಸಿಕ ಆರೋಗ್ಯಕ್ಕೆ ಕ್ಲಿನಿಕ್ ಶುರು ಮಾಡಿದರು. ಅಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಎಷ್ಟೋ ಸಲ ಮಗುವಿನ ತೊಂದರೆಯ ಎಳೆ ಹಿಡಿದು ಹೋದರೆ ಅದು ಮನೆಯಲ್ಲಿದ್ದ ಅಜ್ಜಿಯ ಹತ್ತಿರ ಹೋಗಿ ನಿಲ್ಲುತ್ತಿತ್ತು! ಸರಿ, ಅಜ್ಜಿಯನ್ನೇ ಕರೆಸಿ ಮಾತಾಡಿಸೋಣ ಅಂತ 1929ರಲ್ಲಿ, ತಮ್ಮ 78ನೇ ವಯಸ್ಸಿನಲ್ಲಿ, ಮುಪ್ಪಿನವರಿಗೆಂದೇ ಸಲಹಾ ಕೇಂದ್ರ ತೆರೆದರು. ಮರುವರ್ಷ ಕ್ಲೇರ್ ಡಿ ಗ್ರೂಚಿ ಜೊತೆ ಬರೆದ ಪುಸ್ತಕದ ಹೆಸರು 'ಸ್ಯಾಲ್ವೇಜಿಂಗ್ ಓಲ್ಡ್ ಏಜ್'. ಮುಳುಗಿದ ಹಡಗಿನಿಂದ ಸಾಮಾನು ಮೇಲೆತ್ತಿದ ಹಾಗೆ ಮುಪ್ಪನ್ನು ಮೇಲೆತ್ತೋದು. ಗುಜರಿ ಅಂಗಡಿಯ ವಾಸನೆ ಬರುತ್ತೆ ನಿಜ. ಆದರೆ ಎತ್ತಲು ಯೋಗ್ಯವಾದದ್ದು ಒಳಗಿದೆ ಅಂತ ಆ ಕಾಲದಲ್ಲಿ ಹೇಳಿದವರು ಎಷ್ಟು ಜನ?

ಅವರ ಕ್ರಮದಲ್ಲಿ ಬಂದವರ ಹಿಂದಿನ ಬದುಕನ್ನು ಕೂಲಂಕಷವಾಗಿ ಕೇಳಿಕೊಳ್ಳುವುದು ಒಂದು ಮುಖ್ಯ ಭಾಗ. ಆಮೇಲೆ ಮಾತ್ರ ಪಕ್ಕಾ ಮೇಷ್ಟರು. ದಿನಚರಿ ಹಾಕಿಕೊಳ್ಳಿ, ಗುರಿ ಇಟ್ಟುಕೊಳ್ಳಿ, ಕೊರಗಬೇಡಿ! ಸ್ವತಃ ಎಪ್ಪತ್ತೈದು ದಾಟಿದ ಮೇಲೆ ಕಾರು ಕಲಿತವರು. 1943ರಲ್ಲಿ, 91ರಲ್ಲಿ ತೀರಿಕೊಂಡರು. ನನಗೆ ಕಾಣೋದು ಇಷ್ಟೇ: ಕೇಳುವುದನ್ನು ಅವರು ಶುರು ಮಾಡಿದರು, ಆದರೆ ಕೇಳಿದ್ದನ್ನು ಬೇಗ ಬದಿಗಿಟ್ಟು ಟೈಂಟೇಬಲ್ ಕೈಗೆ ಕೊಟ್ಟರು.

ಕೇಳುವುದೇ ಚಿಕಿತ್ಸೆಯ ತಿರುಳು ಅನ್ನೋ ವಿಚಾರಕ್ಕೆ ಗಟ್ಟಿ ಆಧಾರ ಸಿಕ್ಕಿದ್ದು 1963ರಲ್ಲಿ, ರಾಬರ್ಟ್ ಬಟ್ಲರ್ ಎಂಬ ಮನೋವೈದ್ಯರ ಒಂದು ಲೇಖನದಿಂದ. ಅಜ್ಜ-ಅಜ್ಜಿ ಸಾಕಿದ ಹುಡುಗ ಆತ. ಮುದುಕರು ಹಿಂದಿನದನ್ನು ನೆನೆಯೋದು ಕಾಯಿಲೆಯಲ್ಲ, ಸಾವು ಹತ್ತಿರವಾದಾಗ ಮನಸ್ಸು ತಾನಾಗಿ ಕೈಗೆತ್ತಿಕೊಳ್ಳುವ ಕೆಲಸ ಅಂದರು. ಬಗೆಹರಿಯದೆ ಉಳಿದದ್ದು ಮೇಲೆ ಬರುತ್ತದೆ, ಮತ್ತೆ ನೋಡಿ ಅಂತ ಕೇಳುತ್ತದೆ. ಇದಕ್ಕೆ ಅವರಿಟ್ಟ ಹೆಸರು 'ಲೈಫ್ ರಿವ್ಯೂ'. ನಮ್ಮಲ್ಲಿ ಇದಕ್ಕೆ ಚೆಂದದ ಮಾತೇ ಇದೆ, ಸಿಂಹಾವಲೋಕನ. ನಡೆಯುತ್ತಿರುವ ಸಿಂಹ ಕತ್ತು ತಿರುಗಿಸಿ ಬಂದ ದಾರಿ ನೋಡೋದು. ನಾವು ಅದನ್ನು ಸಂಘದ ವಾರ್ಷಿಕ ವರದಿಗೆ ಬಳಸಿ ಸವೆಸಿಬಿಟ್ಟಿದ್ದೇವೆ, ಅಷ್ಟೇ.

ಬಟ್ಲರ್ ಇನ್ನೊಂದು ಮಾತನ್ನೂ ಮರೆಮಾಚಲಿಲ್ಲ. ಹೀಗೆ ತಿರುಗಿ ನೋಡಿದವರಿಗೆಲ್ಲ ನೆಮ್ಮದಿ ಸಿಗುತ್ತದೆ ಅಂತಿಲ್ಲ. ಕೆಲವರು ತಪ್ಪಿತಸ್ಥ ಭಾವನೆಯಲ್ಲಿ, ಹತಾಶೆಯಲ್ಲಿ ಮುಳುಗುತ್ತಾರೆ. ಒಂಟಿಯಾಗಿ ನೋಡಬೇಕಾದಾಗ ಅಪಾಯ ಜಾಸ್ತಿ. ಹಾಗಾಗಿ ಜೊತೆಗೆ ಕೇಳುವವರೊಬ್ಬರು ಬೇಕು.

ಅದೇ ಹೊತ್ತಿಗೆ ಕೊಲ್ಲಿಯ ಆಚೆ ದಡದ ಬರ್ಕ್‌ಲಿಯಲ್ಲಿ ಇನ್ನೊಂದು ಕತೆ ಮಾಗುತ್ತಿತ್ತು. 1928ರಲ್ಲಿ ಅಲ್ಲಿ ಮಕ್ಕಳ ಬೆಳವಣಿಗೆಯ ಒಂದು ಅಧ್ಯಯನ ಶುರುವಾಗಿತ್ತು. ಎರಿಕ್ ಎರಿಕ್ಸನ್ ಅದರಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದರು. (ಗಾಂಧೀಜಿಯ ಮೇಲೆ ಪುಸ್ತಕ ಬರೆದರಲ್ಲ, ಅವರೇ.) 1980ರ ದಶಕದಲ್ಲಿ ತಾವೂ ಎಂಬತ್ತರ ಹತ್ತಿರವಾದಾಗ, ಹೆಂಡತಿ ಜೋನ್ ಮತ್ತು ಹೆಲೆನ್ ಕಿವ್ನಿಕ್ ಜೊತೆ ಸೇರಿ ಆ ಮಕ್ಕಳ ತಂದೆತಾಯಿಗಳಲ್ಲಿ ಬದುಕಿದ್ದ 29 ಜನರ ಬದುಕಿನ ಕತೆ ಕೇಳಿದರು. 1986ರಲ್ಲಿ ಪುಸ್ತಕವಾಯಿತು. ಇಲ್ಲೊಂದು ಸ್ವಾರಸ್ಯ. ಇವರ ಕೈಯಲ್ಲಿ ಐವತ್ತು ವರ್ಷದ ಹಿಂದಿನ ಫೈಲುಗಳೂ ಇದ್ದವು! ಹಳೇ ಫೈಲಿನಲ್ಲಿ ಗಂಡ-ಹೆಂಡಿರ ಅಸಮಾಧಾನ ದಾಖಲಾಗಿದ್ದರೂ, ಈಗ ಕೇಳಿದರೆ ದಾಂಪತ್ಯ ಸುಖವಾಗಿತ್ತು ಅನ್ನುವವರಿದ್ದರು. ಸುಳ್ಳೇ? ಎರಿಕ್ಸನ್ ಹಾಗೆ ನೋಡಲಿಲ್ಲ. ಬದುಕನ್ನು ಒಟ್ಟಾಗಿ ಒಪ್ಪಿಕೊಳ್ಳಲು ಮನಸ್ಸು ಕತೆಯನ್ನು ಮತ್ತೆ ಹೆಣೆಯುತ್ತದೆ, ಅದೂ ಮುಪ್ಪಿನ ಕೆಲಸವೇ.

ಇದೆಲ್ಲ ಚೆಂದದ ಮಾತಾಯಿತು, ಗುಣ ಆಗುತ್ತಾ? ಪಾಲೋ ಆಲ್ಟೋದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಲ್ಯಾರಿ ಥಾಂಪ್ಸನ್, ಡೊಲೊರೆಸ್ ಗ್ಯಾಲಹರ್ ಮತ್ತು ಜೂಲಿಯಾ ಬ್ರೆಕನ್‌ರಿಜ್ ಅದನ್ನೂ ನೋಡಿದರು. ಅರವತ್ತು ದಾಟಿದ, ಖಿನ್ನತೆಯಿದ್ದ 91 ಜನರಿಗೆ ಮೂರು ಬಗೆಯ ಮಾತಿನ ಚಿಕಿತ್ಸೆ. ಅದರಲ್ಲೊಂದು ಫ್ರಾಯ್ಡ್ ಪರಂಪರೆಯ ಆಳದ ಚಿಕಿತ್ಸೆ. 1987ರಲ್ಲಿ ಫಲಿತಾಂಶ ಬಂತು: ಮೂರೂ ಹೆಚ್ಚುಕಮ್ಮಿ ಒಂದೇ ಸಮ, ನೂರಕ್ಕೆ 70ರಷ್ಟು ಜನ ಪೂರ್ತಿ ಅಥವಾ ತಕ್ಕಮಟ್ಟಿಗೆ ಚೇತರಿಸಿಕೊಂಡಿದ್ದರು. ಫ್ರಾಯ್ಡ್ ಹಾಕಿದ ಬಾಗಿಲಿಗೆ ನಮ್ಮ ಪಾಲೋ ಆಲ್ಟೋದಲ್ಲೇ ಒಂದು ಕೀಲಿ ಸಿಕ್ಕಿತ್ತು.

ಇಷ್ಟೆಲ್ಲ ಓದಲು ಕಾರಣ ನಮ್ಮಮ್ಮ. ಅಪ್ಪ ಹೋದ ಮೇಲೆ ನಮ್ಮ ಜೊತೆ ಇಲ್ಲಿಗೇ ಬಂದವಳು, ಈಗ ಎಪ್ಪತ್ತಾರು. ಹೋದ ವರ್ಷ ಊಟ-ನಿದ್ದೆ ಎರಡೂ ಕಮ್ಮಿಯಾದಾಗ ಡಾಕ್ಟರು ಥೆರಪಿಸ್ಟ್ ಹತ್ತಿರ ಕಳಿಸಿದರು. ದುಭಾಷಿ ಕೆಲಸ ನಾನೇ ಮಾಡ್ತೀನಿ ಅಂದೆ, ಆಕೆ ಒಪ್ಪಲಿಲ್ಲ. ಫೋನಿನಲ್ಲಿ ಕನ್ನಡದ ಇಂಟರ್‌ಪ್ರಿಟರ್ ಹಿಡಿದು, ನನ್ನನ್ನು ಹೊರಗೆ ಕೂರಿಸಿದರು. 'ಮಾತು ಕೇಳಿದ್ರೆ ದಾವಣಗೆರೆ ಕಡೆ ಹುಡುಗಿ ಕಣೋ' ಅಂತ ಅಮ್ಮನಿಗೆ ಅದೇ ಖುಷಿ.

ಅಮ್ಮನದೊಂದು ಕತೆ ಇದೆ, ನಮ್ಮನೇಲಿ ಎಲ್ಲರಿಗೂ ಬಾಯಿಪಾಠ. ಏಳನೇ ಕ್ಲಾಸಿನಲ್ಲಿ ಮೊದಲ ರ‍್ಯಾಂಕ್ ಬಂದಾಗ ಹೆಡ್‌ಮಾಸ್ಟ್ರು ಮನೆಗೇ ಬಂದು, ಹುಡುಗೀನ ಹೈಸ್ಕೂಲಿಗೆ ಕಳಿಸಿ ಅಂತ ತಾತನನ್ನು ಕೇಳಿದ್ದರು. ತಾತ ಕಾಫಿ ಕೊಟ್ಟು, ಮಳೆ-ಬೆಳೆ ಮಾತಾಡಿ, ಹಾಗೇ ಸಾಗಹಾಕಿದರಂತೆ. ಮೇಷ್ಟ್ರು ಎರಡು ಲೋಟ ಕಾಫಿ ಕುಡಿದದ್ದನ್ನು ಅಭಿನಯಿಸಿ ತೋರಿಸ್ತಾಳೆ, ಎಲ್ಲರೂ ನಗ್ತೀವಿ. ಮೂರನೇ ಭೇಟಿಯಲ್ಲಿ ಇದನ್ನು ಹೇಳಿದಳಂತೆ. ಥೆರಪಿಸ್ಟ್ ನಗಲಿಲ್ಲವಂತೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ್ದು ಒಂದೇ ಪ್ರಶ್ನೆ: 'ಆ ಕಾಫಿ ಮಾಡಿದ್ದು ಯಾರು?'

'ನಾನೇ ಅಲ್ವೇನೋ' ಅಂದಳು ಅಮ್ಮ, ಕಾರಿನಲ್ಲಿ. 'ಒಲೆ ಮುಂದೆ ಕೂತು ಎಲ್ಲಾ ಕೇಳಿಸ್ಕೊಳ್ತಾ ಇದ್ದೆ.' ವುಡ್‌ಸೈಡ್ ರಸ್ತೆಯ ಸಿಗ್ನಲ್ ಹಸಿರಾಗುವ ತನಕ ಮತ್ತೆ ಮಾತಿಲ್ಲ. ಅಲ್ಲಿ ಆಮೇಲೆ ಇನ್ನೇನು ಹೇಳಿದೆಯಮ್ಮ ಅಂತ ಕೇಳಿದೆ. 'ಅದೆಲ್ಲಾ ನಿಂಗ್ಯಾಕೆ?'

ನನಗೆ ಹೇಳಲಾಗದ್ದು ಅಷ್ಟೊಂದಿತ್ತು ಅನ್ನಿ. ಮಗನೇ ಮಧ್ಯೆ ಕೂತು ಅನುವಾದ ಮಾಡಿದ್ದರೆ ಕಾಫಿ ಕತೆ ನಗುವಿನಲ್ಲೇ ಮುಗಿದಿರುತ್ತಿತ್ತು. ಈಗ ಒಂದು ಹೊತ್ತಿನ ನಿದ್ದೆ ಬರುತ್ತಿದೆ, ಊಟ ಪರವಾಗಿಲ್ಲ. ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳೋದನ್ನೂ ಶುರು ಮಾಡಿದ್ದಾಳೆ. ಅವರು ಹೋದ ಮೇಲೆ ಇದೇ ಮೊದಲು!

ಕನ್ನಡದಲ್ಲಿ ಮನಸ್ಸಿನ ಬಗ್ಗೆ ಬರೆದವರಿಗೇನೂ ಕಮ್ಮಿ ಇಲ್ಲ. ಕೊರವಂಜಿಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೇ ಬಂದಿತ್ತು. ಇಲ್ಲಿ ಬೇಕಾಗಿರೋದು ಕನ್ನಡದಲ್ಲಿ ಕೂತು ಕೇಳುವವರು. ಅಮೆರಿಕದಲ್ಲಿರುವವರಿಗೆ ಒಂದೆರಡು ಉಪಯೋಗದ ಮಾತು: ಫೆಡರಲ್ ಹಣ ಪಡೆಯುವ ಆಸ್ಪತ್ರೆ-ಕ್ಲಿನಿಕ್‌ಗಳು ದುಭಾಷಿಯನ್ನು ನೀವೇ ಕರೆತನ್ನಿ ಅನ್ನುವಂತಿಲ್ಲ, ಅದಕ್ಕೆ ದುಡ್ಡೂ ಕೇಳುವಂತಿಲ್ಲ. 2024ರ ಜನವರಿಯಿಂದ ಮೆಡಿಕೇರ್‌ನಲ್ಲಿ ಕುಟುಂಬ ಥೆರಪಿಸ್ಟರ ಹತ್ತಿರವೂ ಹೋಗಬಹುದು. ಈ ಕಡೆ ಕನ್ನಡ ಬಲ್ಲ ಥೆರಪಿಸ್ಟ್ ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅಮ್ಮನ ಪಾರ್ಕಿನ ಗೆಳತಿಯರಿಬ್ಬರು ಕೇಳುತ್ತಿದ್ದಾರೆ.