ಕೀಳುವ ಮುನ್ನ: ಹಲ್ಲು ಹೇಳುವ ಇತಿಹಾಸ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತಿದ್ದರು ಹಿರಿಯರು. ಈಗ ಹಲ್ಲಿಲ್ಲದವರಿಗೆ ಇಂಪ್ಲಾಂಟ್ ಇದೆ. ಹಾಗೆಂದು ನೋಯುವ ಹಲ್ಲನ್ನು ಕೀಳಿಸಿಬಿಡಬೇಕೇ, ಉಳಿಸಿಕೊಳ್ಳಬೇಕೇ? ನಮ್ಮ ಅಮ್ಮ, ಅತ್ತೆಯರ ಮುಂದೆ ಬರುವ ಈ ಪ್ರಶ್ನೆಗೆ ಇತಿಹಾಸದಲ್ಲಿ ಒಂದು ಎಚ್ಚರಿಕೆಯಿದೆ.

1728ರಲ್ಲಿ ಫ್ರಾನ್ಸಿನ ಪಿಯರ್ ಫೋಷಾರ್ ದಂತವೈದ್ಯದ ಬಗ್ಗೆ ದೊಡ್ಡ ಗ್ರಂಥ ಬರೆದರು. ಹಲ್ಲನ್ನು ಹುಳು ತಿನ್ನುತ್ತದೆಂಬ ನಂಬಿಕೆಯನ್ನು ಅವರು ಒಪ್ಪಲಿಲ್ಲ. ಹುಳುಕನ್ನು ಕೆರೆದು ತೆಗೆದು, ಕುಳಿ ತುಂಬಿ, ಹಲ್ಲು ಉಳಿಸುವ ಕ್ರಮವನ್ನು ವಿವರಿಸಿದರು. ಹಲ್ಲು ಕಳೆದುಕೊಂಡವರ ಪಾಡು ಆಗ ಕಷ್ಟದ್ದೇ. ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಅಮೆರಿಕದ ಅಧ್ಯಕ್ಷರಾದಾಗ ಅವರಿಗೆ ಉಳಿದಿದ್ದುದು ಒಂದೇ ಸ್ವಂತ ಹಲ್ಲು. ಅವರ ಹಲ್ಲಿನ ಸೆಟ್‌ಗಳಲ್ಲಿ ದಂತ, ಸೀಸ, ಬೇರೆ ಮನುಷ್ಯರ ಹಲ್ಲುಗಳೂ ಇದ್ದವು.

1910ರಲ್ಲಿ ಗಾಳಿ ತಿರುಗಿತು. ಬ್ರಿಟಿಷ್ ವೈದ್ಯ ವಿಲಿಯಂ ಹಂಟರ್ ಮಾಂಟ್ರಿಯಲ್‌ನ ಭಾಷಣದಲ್ಲಿ, ಬಾಯಿಯ ಸೋಂಕೇ ಅನೇಕ ಕಾಯಿಲೆಗಳ ಮೂಲವೆಂದರು. ಮುಂದೆ ಕೀಲುನೋವಿಗೂ ಹಲ್ಲನ್ನೇ ದೂರಿ, ಗಟ್ಟಿ ಹಲ್ಲುಗಳನ್ನೂ ಕಿತ್ತರು. ಅಮೆರಿಕದ ಟ್ರೆಂಟನ್‌ನ ಮಾನಸಿಕ ಆಸ್ಪತ್ರೆಯಲ್ಲಿ ಡಾ. ಹೆನ್ರಿ ಕಾಟನ್ ಹುಚ್ಚು ಬಿಡಿಸಲೆಂದು ರೋಗಿಗಳ ಹಲ್ಲು ಕೀಳಿಸಿದರು. ಹುಚ್ಚು ಬಿಡಲಿಲ್ಲ, ಹಲ್ಲು ಮಾತ್ರ ಹೋಯಿತು. ಬ್ರಿಟನ್ನಿನ ಕೆಲವೆಡೆ, ಮುಂದಿನ ಖರ್ಚು ಉಳಿಯಲೆಂದು ಮದುವೆಗೆ ಮೊದಲೇ ಹುಡುಗಿಯರ ಹಲ್ಲೆಲ್ಲ ಕೀಳಿಸಿ ಸೆಟ್ ಹಾಕಿಸುತ್ತಿದ್ದರು!

ನಿಧಾನವಾಗಿ ಆ ವಾದ ಬಲ ಕಳೆದುಕೊಂಡಿತು. ಬೇರುನಾಳ ಚಿಕಿತ್ಸೆ, ಅಂದರೆ ರೂಟ್ ಕೆನಾಲ್, 1963ರಲ್ಲಿ ಅಮೆರಿಕದಲ್ಲಿ ಪ್ರತ್ಯೇಕ ತಜ್ಞಶಾಖೆಯ ಮಾನ್ಯತೆ ಪಡೆಯಿತು.

ಅದೇ ಹೊತ್ತಿಗೆ ಸ್ವೀಡನ್ನಿನಲ್ಲಿ ಇನ್ನೊಂದು ಕಥೆ. ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಮೂಳೆಯಲ್ಲಿ ಇಟ್ಟಿದ್ದ ಟೈಟಾನಿಯಂ ಉಪಕರಣ, ಪ್ರಯೋಗ ಮುಗಿದ ಮೇಲೆ ಹೊರಬರಲೇ ಇಲ್ಲ, ಮೂಳೆಯೊಂದಿಗೆ ಬೆಸೆದುಕೊಂಡಿತ್ತು. 1965ರಲ್ಲಿ ಮೊದಲ ರೋಗಿಗೆ ಟೈಟಾನಿಯಂ ಇಂಪ್ಲಾಂಟ್ ಕೂರಿಸಿದರು. ಹುಟ್ಟಿನಿಂದಲೇ ದವಡೆಯ ದೋಷವಿದ್ದು, ಹಲ್ಲಿಲ್ಲದೆ ಒದ್ದಾಡುತ್ತಿದ್ದವರು ಆತ.

ಅಂದರೆ ಇಂಪ್ಲಾಂಟ್ ಬಂದದ್ದು ಹಲ್ಲಿಲ್ಲದವರ ನೆರವಿಗೆ. ನಮ್ಮ ಹಲ್ಲಿನ ಬೇರಿನ ಸುತ್ತ ಸೂಕ್ಷ್ಮ ತಂತುಗಳ ಪದರವಿದೆ. ಅನ್ನದಲ್ಲಿ ಕಲ್ಲು ಸಿಕ್ಕರೆ ಥಟ್ಟನೆ ತಿಳಿಸುವುದು ಅದೇ. ಮೂಳೆಗೇ ಅಂಟಿದ ಇಂಪ್ಲಾಂಟ್‌ಗೆ ಆ ಪದರವಿಲ್ಲ. ಅದಕ್ಕೆ ಹುಳುಕು ಹಿಡಿಯದು, ನಿಜ. ಆದರೆ ಸುತ್ತಲಿನ ವಸಡಿಗೆ ಸೋಂಕು ತಗುಲಿ ಮೂಳೆ ಸವೆಯಬಹುದು.

ಬೇರು ಉದ್ದಕ್ಕೂ ಸೀಳಿದ್ದರೆ, ಆಧಾರದ ಮೂಳೆ ತೀರಾ ಕರಗಿದ್ದರೆ ಕೀಳಿಸಲೇಬೇಕಾಗಬಹುದು. ಆಗ ಇಂಪ್ಲಾಂಟ್ ವರವೇ. ಅದಕ್ಕೆ ಮೊದಲು "ಡಾಕ್ಟ್ರೇ, ಇದನ್ನು ಉಳಿಸಲು ಸಾಧ್ಯವೇ?" ಎಂದು ಕೇಳೋಣ. ಅನುಮಾನವಿದ್ದರೆ ಇನ್ನೊಬ್ಬ ವೈದ್ಯರಿಗೂ ತೋರಿಸೋಣ. ಉಳಿಸಿಕೊಂಡ ಹಲ್ಲನ್ನು ನಾಳೆಯೂ ಕೀಳಿಸಬಹುದು; ಕಿತ್ತ ಹಲ್ಲು ಮತ್ತೆ ಬಾರದು.