ತಿಗರಿ ಬರುವ ಮೊದಲಿನ ಬಟ್ಟಲು



ಮಳೆ ಬಂದು ಹೋದ ಮರುದಿನ ಹೊಲದ ಬದುವಿನಲ್ಲಿ ನಡೆದರೆ ಬೋಕಿ ಚೂರುಗಳು ಕಾಲಿಗೆ ಸಿಗುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಹೊಸತೇನಲ್ಲ. ಮಕ್ಕಳು ಅವನ್ನು ಆರಿಸಿ ಕುಂಟಾಬಿಲ್ಲೆ ಆಡಿದ್ದಾರೆ. ಇನ್ನು ಮೇಲೆ ಅಂಥ ಚೂರು ಕಂಡರೆ ಅದರ ಒಳಮೈಯನ್ನು ಒಮ್ಮೆ ನೋಡಿ. ದಾರ ಸುತ್ತಿದಂತೆ ಸಮಾನಾಂತರವಾದ ಸಣ್ಣ ಗೆರೆಗಳಿದ್ದರೆ ಅದು ಕುಂಬಾರನ ತಿಗರಿಯ ಮೇಲೆ ಎದ್ದ ಪಾತ್ರೆ. ಗೆರೆಗಳಿಲ್ಲದೆ ಅಲ್ಲಲ್ಲಿ ಬೆರಳು ಒತ್ತಿದ ತಗ್ಗುಗಳಿದ್ದು, ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿದ್ದರೆ ಅದು ಬರಿಗೈಯಲ್ಲಿ ಕಟ್ಟಿದ್ದಿರಬಹುದು. ಹಾಗಿದ್ದರೆ ಅದರ ವಯಸ್ಸು ಮೂರು ಸಾವಿರ ವರ್ಷಗಳನ್ನು ಮೀರಿರುವ ಸಾಧ್ಯತೆಯೂ ಉಂಟು.

ಈ ಐದೂ ತಾಲ್ಲೂಕುಗಳು ಇಂದು ವಿಜಯನಗರ ಜಿಲ್ಲೆಯಲ್ಲಿವೆ. ಹಿಂದೆ ಇವೆಲ್ಲ ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದವು. ಆ ಹಳೆಯ ಜಿಲ್ಲೆಯ ಬೆಟ್ಟಗಳಲ್ಲಿ 1872ರಿಂದಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನು ಹುಡುಕಿ ಸಂಗ್ರಹಿಸುತ್ತಿದ್ದರು. ಮುಂದೆ ಸಂಗನಕಲ್ಲು, ತೆಕ್ಕಲಕೋಟೆಗಳಲ್ಲಿ ಉತ್ಖನನ ನಡೆಯಿತು. ಕೂಡ್ಲಿಗಿಯ ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಮೊದಲು ಎಂ.ಎಚ್. ಕೃಷ್ಣ, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದರು. ತುಂಗಭದ್ರೆಯ ದಂಡೆಯ ಹಳ್ಳೂರನ್ನು 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆಸಿದರು. ಎಲ್ಲ ಕಡೆಯೂ ತಳದ ಪದರಗಳಲ್ಲಿ ಕಲ್ಲಿನ ಕೊಡಲಿಯ ಜೊತೆಗೆ ಸಿಕ್ಕಿದ್ದು ಬೂದು ಬಣ್ಣದ, ಹೆಚ್ಚಾಗಿ ಕೈಯಿಂದಲೇ ಮಾಡಿದ ಮಡಕೆ ಮತ್ತು ಬಟ್ಟಲುಗಳು.

ತಿಗರಿಯಿಲ್ಲದೆ ಕುಡಿಯುವ ಬಟ್ಟಲನ್ನು ಮಾಡುವುದು ಹೇಗೆ? ಬಳ್ಳಾರಿ ಕಡೆಯ ಎರೆಮಣ್ಣನ್ನು ಹಾಗೆಯೇ ಕಲಸಿದರೆ ಒಣಗುವಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಾಯಿಬಿಡುವುದನ್ನು ನೀವು ಕಂಡಿದ್ದೀರಿ. ಆದ್ದರಿಂದ ಜೇಡಿಮಣ್ಣಿಗೆ ಮರಳನ್ನೋ ಹೊಟ್ಟನ್ನೋ ಬೆರೆಸಬೇಕು. ಚಿಕ್ಕ ಬಟ್ಟಲಾದರೆ ಮಣ್ಣಿನ ಉಂಡೆಯ ನಡುವೆ ಹೆಬ್ಬೆರಳು ಇಳಿಸಿ, ಉಂಡೆಯನ್ನು ಅಂಗೈಯಲ್ಲಿ ತಿರುಗಿಸುತ್ತ ಗೋಡೆಯನ್ನು ಹಿಸುಕಿ ಎತ್ತಿದರೆ ಸಾಕು. ಇಲ್ಲಿ ತಿರುಗುವುದು ಚಕ್ರವಲ್ಲ, ಮಾಡುವವರ ಕೈ. ದೊಡ್ಡದಕ್ಕೆ ಮಣ್ಣನ್ನು ಹಗ್ಗದಂತೆ ಹೊಸೆದು ಸುರುಳಿಯ ಮೇಲೆ ಸುರುಳಿ ಇಟ್ಟು, ಸಂದುಗಳನ್ನು ಬೆರಳಿನಿಂದ ಒರೆಸಿ ಮುಚ್ಚಬೇಕು. ಒಳಗೆ ದುಂಡುಕಲ್ಲು ಒತ್ತಿಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿದರೆ ಗೋಡೆ ತೆಳುವಾಗುತ್ತದೆ. ಅರೆ ಒಣಗಿದ ಮೇಲೆ ಬರುವುದು ತಾಳ್ಮೆಯ ಕೆಲಸ. ಹೊಳೆಯ ನುಣುಪುಗಲ್ಲಿನಿಂದ ಮೈಯನ್ನು ತಿಕ್ಕಿ ತಿಕ್ಕಿ ಹೊಳಪು ಬರಿಸಬೇಕು. ಇದು ಅಂದಕ್ಕೆ ಮಾತ್ರ ಮಾಡುವುದಲ್ಲ. ಬಯಲಿನಲ್ಲಿ ಸಗಣಿ, ಸೌದೆ ಒಟ್ಟಿ ಸುಟ್ಟ ಬೆಂಕಿ ಸಾಮಾನ್ಯವಾಗಿ 600ರಿಂದ 800 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಆ ಶಾಖಕ್ಕೆ ಮಣ್ಣು ಗಾಜಿನಂತೆ ಕೂಡಿಕೊಳ್ಳುವುದಿಲ್ಲ, ಸಣ್ಣ ರಂಧ್ರಗಳು ಉಳಿಯುತ್ತವೆ. ತಿಕ್ಕಿದ ಮೈಯಲ್ಲಿ ಆ ರಂಧ್ರಗಳು ಅರ್ಧ ಮುಚ್ಚಿಹೋಗಿ ನೀರು ಕಡಿಮೆ ಒಸರುತ್ತದೆ. ಬೂದು ಬಣ್ಣವೂ ಬೆಂಕಿಯದೇ ಕೊಡುಗೆ: ಗಾಳಿ ಸಾಲದ ಹೊಗೆಯಲ್ಲಿ ಬೆಂದರೆ ಬೂದು, ಕಪ್ಪು, ಗಾಳಿ ಆಡಿದರೆ ಕೆಂಪು. ಕೆಲವು ಪಾತ್ರೆಗಳಿಗೆ ಸುಟ್ಟ ನಂತರ ಕಾವಿಯಿಂದ ಪಟ್ಟೆ ಬಳಿದಿದ್ದಾರೆ.

ಆಕಾರಗಳನ್ನು ನೋಡಿದರೆ ಇನ್ನೂ ಕುತೂಹಲ. ಅಂಚನ್ನು ಬೆರಳಿನಿಂದ ಎಳೆದು ತುಟಿ ಮಾಡಿದ ಬಟ್ಟಲುಗಳಿವೆ. ತೆರೆದ ಕಾಲುವೆಯಂಥ ಮೂತಿಯುಳ್ಳವಿವೆ. ತೂತು ತೂತಾದ ಪಾತ್ರೆಗಳೂ ಇವೆ. ದ್ರವವನ್ನು ಸೋರದಂತೆ ಸುರಿಯುವುದು, ಕುಡಿಯುವುದು ಹೇಗೆಂದು ಯಾರೋ ಯೋಚಿಸಿದ್ದಾರೆ. ಏನನ್ನು ಕುಡಿಯುತ್ತಿದ್ದರು? ಇವರು ದನಗಾಹಿಗಳು. ಕುಡತಿನಿಯಂಥ ಬೂದಿದಿಬ್ಬಗಳು ಇವರ ದನದ ದೊಡ್ಡಿಗಳ ಸಗಣಿ ಸುಟ್ಟು ಆದವು. ಹಾಗಾಗಿ ಹಾಲನ್ನು ಊಹಿಸಬಹುದು. ಸಂಗನಕಲ್ಲಿನಲ್ಲಿ ಸುಟ್ಟು ಉಳಿದ ಕಾಳುಗಳನ್ನು ಪರೀಕ್ಷಿಸಿದಾಗ ಕೊರಲೆ, ಹುರುಳಿ, ಹೆಸರು ಸಿಕ್ಕಿವೆ. ಕೊರಲೆಯ ಅಂಬಲಿಯೂ ಆ ಬಟ್ಟಲಿಗೆ ಬಿದ್ದಿರಬೇಕು. ರೊಟ್ಟಿಯ ನಾಡಿನವರಿಗೆ ಆಶ್ಚರ್ಯವಾದೀತು, ಜೋಳವೂ ರಾಗಿಯೂ ಅವರ ಮುಖ್ಯ ಆಹಾರವಾಗಿರಲಿಲ್ಲ. ಅವೆರಡೂ ಆಫ್ರಿಕದಿಂದ ಆಮೇಲೆ ಬಂದವು.

ಇನ್ನು ಈ ಪಾತ್ರೆಗಳ ಕಾಲದ ವಿಷಯ. ವೀಲರ್ ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ರೋಮ್ ವ್ಯಾಪಾರದ ಕಾಲದ ಮಡಕೆ ಚೂರುಗಳನ್ನು ಗುರುತಿಸಿದರು. ಅದು ಕ್ರಿ.ಶ. ಒಂದನೆಯ ಶತಮಾನವೆಂದು ಅವರಿಗೆ ಪುದುಚೇರಿಯ ಬಳಿಯ ಅರಿಕಮೇಡುವಿನಿಂದ ತಿಳಿದಿತ್ತು. ಅಲ್ಲಿಂದ ಕೆಳಕ್ಕೆ ಲೆಕ್ಕ ಹಾಕುತ್ತ ಹೋಗಿ ಕಲ್ಲುಕೊಡಲಿಯ ಜನರನ್ನು ಕ್ರಿ.ಪೂ. ಮೊದಲ ಸಹಸ್ರಮಾನದಲ್ಲಿ ಕೂರಿಸಿದರು. ಲೆಕ್ಕದ ದಾರಿ ಸರಿಯಾಗಿತ್ತು, ಅಳತೆಗೋಲು ಗಿಡ್ಡದಾಗಿತ್ತು. ರೇಡಿಯೋ ಕಾರ್ಬನ್ ವಿಧಾನ ಬಂದ ಮೇಲೆ ಈಗಿನ ತೆಲಂಗಾಣದ ಉಟ್ನೂರಿನ ಬೂದಿದಿಬ್ಬವೇ ಕ್ರಿ.ಪೂ. ಮೂರನೆಯ ಸಹಸ್ರಮಾನದ್ದೆಂದು ತಿಳಿಯಿತು. ಇಂದು ದಕ್ಷಿಣದ ನವಶಿಲಾಯುಗವನ್ನು ಸುಮಾರು ಕ್ರಿ.ಪೂ. 3000ದಿಂದ 1200ರವರೆಗೆ ಎಣಿಸುತ್ತಾರೆ. ಎಂದರೆ ಸಿಂಧೂ ಕಣಿವೆಯ ನಗರಗಳಲ್ಲಿ ತಿಗರಿ ತಿರುಗುತ್ತಿದ್ದಾಗಲೇ ಇಲ್ಲಿ ಕೈ ತಿರುಗುತ್ತಿತ್ತು.

ಇದನ್ನು ಹಿಂದುಳಿದಿರುವಿಕೆ ಎಂದು ಓದುವುದು ಸುಲಭ. ಹಳೆಯ ವರದಿಗಳಲ್ಲಿ ಈ ಮಡಕೆಗಳಿಗೆ ‘ಒರಟು’ ಎಂಬ ವಿಶೇಷಣ ಅಂಟಿಕೊಂಡೇ ಇದೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಒಬ್ಬನು ಊರಿಗೆಲ್ಲ ಮಡಕೆ ಮಾಡಿ ಮಾರುವಾಗ ತಿಗರಿಯ ವೇಗ ಬೇಕು. ಮನೆಗೆ ಬೇಕಾದ ನಾಲ್ಕು ಬಟ್ಟಲನ್ನು ಮನೆಯವರೇ ಮಾಡಿಕೊಳ್ಳುವಲ್ಲಿ ಅದರ ಅಗತ್ಯವೇನು? ಮಣಿಪುರದ ಆಂಡ್ರೋ ಗ್ರಾಮದ ಹೆಂಗಸರು ತಿಗರಿಯಿಲ್ಲದೆ ಮಡಕೆ ಮಾಡುವ ಪರಂಪರೆಯನ್ನು ಉಳಿಸಿಕೊಂಡು ಬಂದಿದ್ದಾರೆ. ಜಪಾನಿನಲ್ಲಿ ಚಕ್ರ ಚೆನ್ನಾಗಿ ಗೊತ್ತಿದ್ದೂ ಹದಿನಾರನೆಯ ಶತಮಾನದಲ್ಲಿ ಚಹಾ ಕುಡಿಯುವ ರಾಕು ಬಟ್ಟಲುಗಳನ್ನು ಬೇಕೆಂದೇ ಕೈಯಲ್ಲಿ ಕಟ್ಟಿದರು. ಅವಕ್ಕೆ ಅಲ್ಲಿ ಅಪಾರ ಗೌರವ. ಅಂಥದೇ ಬೆರಳಿನ ಗುರುತು ನಮ್ಮ ಬಟ್ಟಲಿನ ಮೇಲಿದ್ದರೆ ಒರಟು ಎನ್ನುತ್ತೇವೆ!

ನವಶಿಲಾಯುಗದ ಕೊನೆಕೊನೆಗೆ ನಿಧಾನವಾಗಿ ತಿರುಗಿಸುವ ಹಲಗೆ ಬಳಕೆಗೆ ಬಂತು. ಕಬ್ಬಿಣ ಬಳಸಿದ, ಬೃಹತ್ ಶಿಲಾಸಮಾಧಿಗಳನ್ನು ಕಟ್ಟಿದ ಜನರ ಕಾಲಕ್ಕೆ ಒಳಗೆ ಕಪ್ಪು, ಹೊರಗೆ ಕೆಂಪಾದ ನಯವಾದ ಪಾತ್ರೆಗಳು ಹರಡಿದವು. ಕೂಡ್ಲಿಗಿ ತಾಲ್ಲೂಕಿನ ಕುಮತಿಯಲ್ಲಿ ಮನುಷ್ಯಾಕಾರದ ಎತ್ತರದ ನಿಲುಗಲ್ಲುಗಳಿವೆಯಲ್ಲ, ಅವನ್ನು ಆ ಸಂಸ್ಕೃತಿಗೇ ಸೇರಿಸುತ್ತಾರೆ. ಹಾಗೆಂದು ಕೈಕೆಲಸ ಪೂರ್ತಿ ಹೋಗಲಿಲ್ಲ. ತಿಗರಿ ಬಳಸುವ ಕುಂಬಾರರೂ ಕೊಡದ ಕಂಠವನ್ನು ಚಕ್ರದ ಮೇಲೆ ಎತ್ತಿ, ಹೊಟ್ಟೆಯನ್ನು ಕಲ್ಲು ಹಲಗೆಗಳ ನಡುವೆ ತಟ್ಟಿಯೇ ಹಿಗ್ಗಿಸುತ್ತಾರೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಈಗ ನೆಲೆಗಳಿಗೂ ಅನ್ವಯವಾಗುತ್ತಿದೆ. ಸಂಗನಕಲ್ಲು ಸುತ್ತಿನ ಬೆಟ್ಟಗಳನ್ನು ಕಲ್ಲು ಗಣಿಗಾರಿಕೆ ಕಡಿದಿದೆ. ಬೂದಿದಿಬ್ಬಗಳ ಮಣ್ಣು ಗೊಬ್ಬರವಾಗಿ ಹೊಲ ಸೇರಿದೆ. ಚೂರು ತನ್ನ ಪದರದಿಂದ ಕಿತ್ತುಹೋದರೆ ಅದರ ಕಾಲವನ್ನು ಹೇಳುವುದು ಬಹಳ ಕಷ್ಟ. ಆದ್ದರಿಂದ ನಿಮ್ಮ ಊರಿನ ಹಳ್ಳದ ದಂಡೆ ಕುಸಿದ ಕಡೆ ಇಂಥವು ಕಂಡರೆ ಕೀಳಬೇಡಿ. ಜಾಗ, ದಿನ ಬರೆದಿಟ್ಟು ಶಾಲೆಯ ಇತಿಹಾಸದ ಮೇಷ್ಟ್ರಿಗೆ ತಿಳಿಸಿ. ತೆರೆಯ ಮೇಲೆ ಬಟ್ಟಲಿನ ಚಿತ್ರ ಕಾಣಬಹುದು, ಗೋಡೆಯ ದಪ್ಪ ತಿಳಿಯುವುದಿಲ್ಲ. ಅದಕ್ಕೆ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ಹೋಗುವ ಮೊದಲು ಕೆರೆಯಂಗಳದ ಜೇಡಿಮಣ್ಣಿನಲ್ಲಿ ಒಂದು ಬಟ್ಟಲನ್ನು ನೀವೇ ಹಿಸುಕಿ ನೋಡಿ. ಮೂರನೆಯದೋ ನಾಲ್ಕನೆಯದೋ ಬಿರಿಯದೆ ಒಣಗೀತು.