ಬೈಕಲಾದಲ್ಲಿ ಅಚ್ಚಾದ ಹಳಗನ್ನಡ

ಆಂಟಾಪ್ ಹಿಲ್‌ನಿಂದ ಬೈಕಲಾ ಕೆಲವೇ ಕಿಲೋಮೀಟರ್. 1872ರಲ್ಲಿ ಜೇಮ್ಸ್ ಬರ್ಜೆಸ್ ಮುಂಬಯಿಯಲ್ಲಿ ಶುರುಮಾಡಿದ 'ಇಂಡಿಯನ್ ಆಂಟಿಕ್ವರಿ' ಸಂಶೋಧನಾ ಪತ್ರಿಕೆ ಅಲ್ಲಿನ ಎಜುಕೇಶನ್ ಸೊಸೈಟಿ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿತ್ತು. ಸಿವಿಲ್ ಅಧಿಕಾರಿ ಜೆ.ಎಫ್. ಫ್ಲೀಟ್ ನಮ್ಮ ಹಳಗನ್ನಡ ಶಾಸನಗಳನ್ನು ಸಾಲುಸಾಲಾಗಿ ಪ್ರಕಟಿಸಿದ್ದು ಇದರಲ್ಲೇ. ಕಲ್ಲು ನಮ್ಮ ಊರಿನದು, ವಿವರಣೆ ಇಂಗ್ಲಿಷಿನದು, ಅದಿರಲಿ! ಆ ಹಳೇ ಸಂಪುಟಗಳನ್ನು ಇವತ್ತು ನೀವು ಮೊಬೈಲಿನಲ್ಲೇ ಪುಕ್ಕಟೆ ಓದಬಹುದು.

ಹೊಸ ಲೇಖನ ಹುಡುಕಿ ನೋಡಿ. ಒಂದೊಂದಕ್ಕೆ ಮೂವತ್ತು-ನಲವತ್ತು ಡಾಲರ್ ಕೇಳುವವರಿದ್ದಾರೆ. ಕೇಂದ್ರ ಸರ್ಕಾರ 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿರಿಸಿ, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳಿಗೆ ಒಟ್ಟಾಗಿ ಚಂದಾ ಕಟ್ಟುತ್ತಿದೆ, ನಿಜ. ಆದರೆ ಅದು ಸರ್ಕಾರಿ ವಿದ್ಯಾಸಂಸ್ಥೆ, ಸಂಶೋಧನಾ ಸಂಸ್ಥೆಗಳಿಗೆ. ಹೋಟೆಲ್ ಕೆಲಸ ಮುಗಿಸಿ ರಾತ್ರಿ ತನ್ನೂರಿನ ಶಾಸನದ ಬಗ್ಗೆ ಹುಡುಕುವ ಆಂಟಾಪ್ ಹಿಲ್‌ನ ಕನ್ನಡಿಗ ಅದರೊಳಗೆ ಬರೋದಿಲ್ಲ.